ನಿಮಗಿದು ಗೊತ್ತೆ? ಗ್ಯಾಸ್ ಬಿಟ್ಟು ಕರೆಂಟಿಗೆ ಬಂದ ಬಿಯರ್ ಹಂಡೆ

ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ತಯಾರಿಸುವ ಹವ್ಯಾಸಿಗಳು ಪ್ರೊಪೇನ್ ಒಲೆ ಹಚ್ಚುವುದು ಬಯಲಲ್ಲಿ. ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಹಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ಪ್ರಾಣಕ್ಕೇ ಎರವಾದೀತು. ಚಳಿಗಾಲದಲ್ಲೂ ಒಳಗೇ ಕುದಿಸಬೇಕೆನ್ನುವವರು ಹಂಡೆಗೆ ತೂತು ಕೊರೆದು 5,500 ವ್ಯಾಟಿನ ಕಾಯಿಲ್ ಕೂರಿಸುತ್ತಾರೆ. ನಮ್ಮ ಗೀಸರಿನೊಳಗಿನದರ ಅಣ್ಣ ಎನ್ನಿ. ಕಾಯಿಲ್ ನೀರಲ್ಲೇ ಮುಳುಗಿರುವುದರಿಂದ ಶಾಖ ಪೋಲಾಗುವುದು ಕಡಿಮೆ: 20 ಡಿಗ್ರಿಯ 40 ಲೀಟರ್ ನೀರು ಸುಮಾರು ಮುಕ್ಕಾಲು ಗಂಟೆಯಲ್ಲಿ ಕುದಿಯುತ್ತದೆ.

ಆದರೆ ಇದಕ್ಕೆ 240 ವೋಲ್ಟ್ ಬೇಕು. ಅಲ್ಲಿನ ಮಾಮೂಲಿ ಪ್ಲಗ್ಗಿನಲ್ಲಿ ಬರುವುದು 120. ಅದಕ್ಕೇ ಸಿಕ್ಕಿಸಿದರೆ ಶಕ್ತಿ ಅರ್ಧಕ್ಕಲ್ಲ, ಕಾಲು ಭಾಗಕ್ಕೆ, ಅಂದರೆ 1,375 ವ್ಯಾಟಿಗೆ ಇಳಿಯುತ್ತದೆ! ಹಾಗಾಗಿ ಬಟ್ಟೆ ಒಣಗಿಸುವ ಯಂತ್ರದ 240 ವೋಲ್ಟ್ ಪ್ಲಗ್ಗಿನ ಮೇಲೆ ಹಲವರ ಕಣ್ಣು. ನೀರು ತುಂಬುವ ಮೊದಲೇ ಸ್ವಿಚ್ ಒತ್ತಿದಿರೋ, ಕಾಯಿಲ್ ಸುಟ್ಟು ಕರಕಲು.