ಹೊಳೆನರಸೀಪುರ ‘ನದಿನರಸೀಪುರ’ ಆದಾಗ!

ದಸರಾ ರಜೆಗೆ ಗೊರೂರಿಗೆ ಹೋಗಿದ್ದಾಗ ನನ್ನ ಮಗಳಿಗೆ ಅವಳ ತಾತ ಒಂದು ಕೆಲಸ ಕೊಟ್ಟರು. ಹೇಮಾವತಿಗೆ ಅಣೆಕಟ್ಟು ಕಟ್ಟುವ ಮೊದಲು ಊರು ಹೇಗಿತ್ತು ಎಂದು ಅವರು ನಲವತ್ತು ಪುಟ ಬರೆದಿಟ್ಟಿದ್ದರು. ಅದನ್ನು ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿ, ಭಾನುವಾರ ನೆಂಟರಿಷ್ಟರು ಸೇರುವ ಹೊತ್ತಿಗೆ ಪ್ರಿಂಟ್ ತೆಗೆಯಬೇಕು.

ಕನ್ನಡ ಟೈಪಿಂಗ್ ಕಷ್ಟ ಎಂದು ಹೆದರಬೇಡಿ ಮಕ್ಕಳೇ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ‘ನುಡಿ’ ಕೀಲಿಮಣೆಯಲ್ಲಿ ಉಚ್ಚಾರಣೆಯಂತೆ ಒತ್ತಿದರೆ ಸಾಕು. ವ್ಯಂಜನದ ಒಳಗಿರುವ ‘ಅ’ ಅನ್ನು ಬೇರೆಯಾಗಿ ಒತ್ತಬೇಕಿಲ್ಲ. ‘ಹಾಸನ’ಕ್ಕೆ ನಾಲ್ಕೇ ಕೀಲಿ, ‘ಹೇಮಾವತಿ’ಗೆ ಏಳು. (ದೀರ್ಘಕ್ಕೆ ಶಿಫ್ಟ್ ಒತ್ತಬೇಕು, ಅದು ಬೇರೆ.) ಇಂಗ್ಲಿಷಿನಲ್ಲಿ ಅದೇ ಹೆಸರಿಗೆ ಎಂಟೋ ಒಂಬತ್ತೋ ಅಕ್ಷರ! ಒತ್ತಕ್ಷರ ಬೇಕಾದಾಗ ನಡುವೆ ಎಫ್ ಒತ್ತಿ: ‘ಅಮ್ಮ’ ಎಂದರೆ ಅ, ಮ, ಎಫ್, ಮ.

ತಾತನ ಬರಹದಲ್ಲಿ ‘ಗೊರೂರು ರಾಮಸ್ವಾಮಿ ಅಯ್ಯಂಗಾರ್’ ಎಂಬ ಹೆಸರು ಪುಟಪುಟಕ್ಕೂ ಬರುತ್ತಿತ್ತು. ಮಗಳು ಪ್ರತಿ ಸಲವೂ ಬರೀ ‘##’ ಎಂದು ಹಾಕಿಕೊಂಡು ಹೋದಳು. ಕೊನೆಗೆ ಕಂಟ್ರೋಲ್ ಜೊತೆ ಎಚ್ ಒತ್ತಿ, ಮೇಲಿನ ಖಾನೆಯಲ್ಲಿ ‘##’, ಕೆಳಗಿನದರಲ್ಲಿ ಪೂರ್ತಿ ಹೆಸರು ಕೊಟ್ಟು ‘ರಿಪ್ಲೇಸ್ ಆಲ್’ ಅಂದಳು. ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಕಡೆ ಹೆಸರು ಬಂದು ಕೂತಿತು.

ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ತಾತ ಎಲ್ಲೆಲ್ಲೂ ‘ಹೊಳೆ’ ಎಂದು ಬರೆದಿದ್ದರು. ಪುಸ್ತಕದಲ್ಲಿ ‘ನದಿ’ ಅಂತ ಇರುತ್ತದಲ್ಲ ಎಂದುಕೊಂಡು ಇವಳು ‘ಹೊಳೆ’ಯನ್ನೆಲ್ಲ ‘ನದಿ’ ಮಾಡಿಬಿಟ್ಟಳು. ಸಂಜೆ ತಾತ ಕನ್ನಡಕ ಏರಿಸಿ ಓದತೊಡಗಿದರು. “ಏನವ್ವ ಇದು, ನದಿನರಸೀಪುರದ ಸಂತೆ?” ಮುಂದಿನ ಸಾಲಿನಲ್ಲಿ ಬಿಸಿಲಿಗೆ ‘ಹೊಳೆಯುವ’ ನೀರು ‘ನದಿಯುವ’ ನೀರಾಗಿತ್ತು!

ಮಗಳ ಮುಖ ಬಾಡಿತು. ಮಾರನೆಯ ದಿನವೇ ಭಾನುವಾರ. ಪುಣ್ಯಕ್ಕೆ ಫೈಲ್ ಇನ್ನೂ ತೆರೆದೇ ಇತ್ತು. ಕಂಟ್ರೋಲ್ ಜೊತೆ ಝೆಡ್ ಒತ್ತಿದಳು. ‘ನದಿ’ಗಳೆಲ್ಲ ಒಂದೇ ಏಟಿಗೆ ‘ಹೊಳೆ’ಗಳಾದವು. ವರ್ಡ್‌ನಲ್ಲಿ ಫೈಲ್ ಮುಚ್ಚಿಬಿಟ್ಟಿದ್ದರೆ ಈ ಉಪಾಯ ನಡೆಯುತ್ತಿರಲಿಲ್ಲ. ಆದ್ದರಿಂದ ದೊಡ್ಡ ಬದಲಾವಣೆಗೆ ಮುಂಚೆ ಎಫ್-12 ಒತ್ತಿ, ಬೇರೆ ಹೆಸರಿನಲ್ಲಿ ಇನ್ನೊಂದು ಪ್ರತಿ ಇಟ್ಟುಕೊಳ್ಳಿ.

ನಿಜವಾಗಿಯೂ ಪದ ಬದಲಿಸಬೇಕಿದ್ದರೆ? ‘ರಿಪ್ಲೇಸ್ ಆಲ್’ ಬಿಟ್ಟು, ‘ಫೈಂಡ್ ನೆಕ್ಸ್ಟ್’ ಒತ್ತುತ್ತಾ ಒಂದೊಂದನ್ನೇ ನೋಡಿ ಬದಲಿಸಿ. ಅವಸರವಿದ್ದರೆ ಮೊದಲು ‘ಹೊಳೆನರಸೀಪುರ’ವನ್ನು ‘@@’ ಮಾಡಿ ಬಚ್ಚಿಡಿ, ಕೆಲಸ ಮುಗಿದ ಮೇಲೆ ವಾಪಸು ತನ್ನಿ. ‘ಹೊಳೆಯುವ’ದಂಥ ಪದಗಳಿಗೂ ಹೀಗೇ ಬೇರೊಂದು ಗುರುತು ಕೊಡಬೇಕು. ಕನ್ನಡದಲ್ಲಿ ಪದದ ಬಾಲ ಬೆಳೆಯುತ್ತಲೇ ಹೋಗುವುದರಿಂದ ಇಂಗ್ಲಿಷಿಗಿಂತ ಇಲ್ಲಿ ಎಚ್ಚರ ಜಾಸ್ತಿ ಬೇಕು.

ಮಗಳು ‘@@’ ಹಾಕಲು ಕೈ ಇಟ್ಟಾಗ ತಾತ ತಡೆದರು. “ನಾವು ಈಜಿದ್ದು ಹೊಳೇಲಿ ಕಣವ್ವ. ಅದು ಹಂಗೇ ಇರ್ಲಿ.”

ಭಾನುವಾರ ಬೆಳಗ್ಗೆ ಹದಿನೈದು ಪ್ರತಿ ಪ್ರಿಂಟಾದವು.