ತೊಟ್ಟಿಕ್ಕುವ ತಾಳ

‘ಏನೋ, ಬಚ್ಚಲ ನಲ್ಲಿ ಸರಿಯಾಗಿ ನಿಲ್ಲಿಸಿಲ್ವಾ? ತೊಟ್ಟಿಕ್ತಾ ಇದೆ ನೋಡು’ ಎಂದು ಅಡುಗೆಮನೆಯಿಂದ ಅಮ್ಮ ಕೂಗಿದರು. ನಲ್ಲಿ ನಿಂತೇ ಇತ್ತು. ತೊಟ್ಟಿಕ್ಕುತ್ತಿದ್ದದ್ದು ನನ್ನ ಸ್ಪೀಕರು.

ಮಳೆಗಾಲದಲ್ಲಿ ಹೆಂಚು ಸರಿದ ಕಡೆ ಪಾತ್ರೆ ಇಟ್ಟರೆ ಕೇಳುತ್ತದಲ್ಲ, ಟೊಳಕ್... ಟಕ್... ಟೊಳಕ್, ಅದೇ ಸದ್ದು. ಅದರ ಅಡಿಗೆ ಡ್ರಮ್ಮಿನ ಒಣ ಏಟು. ಮಾಧುರ್ಯಕ್ಕೆಂದು ಒಂದು ಎಳೆಯೂ ಇಲ್ಲ. ಆ ಬಯಲಿಗೆ ಒಬ್ಬ ಹುಡುಗ ನಡೆದು ಬಂದು, ಯಾರ ಹಂಗೂ ಇಲ್ಲದವನಂತೆ, ಆತುರವಿಲ್ಲದ ಒರಟು ದನಿಯಲ್ಲಿ ಮಾತು ಶುರು ಮಾಡುತ್ತಾನೆ.

ಹಾಡು ‘ಕಮ್ ಕ್ಲೀನ್’, 1993ರದು. ಹುಡುಗ ಜೆರು ದ ಡಮಾಜ, ಬ್ರೂಕ್ಲಿನ್‌ನ ಈಸ್ಟ್ ನ್ಯೂಯಾರ್ಕ್‌ನವನು. ಅದಕ್ಕೂ ಮುಂಚೆ, 1992ರಲ್ಲಿ, ಗ್ಯಾಂಗ್ ಸ್ಟಾರ್ ಎಂಬ ರ‍್ಯಾಪ್ ತಂಡದ ‘ಡೈಲಿ ಆಪರೇಷನ್’ ಆಲ್ಬಮ್ಮಿನ ಒಂದು ಹಾಡಿನಲ್ಲಿ ಒಂದು ಪಾಲು ಹಾಡಿ ಹೋಗಿದ್ದ. 1994ರ ಮೇ ತಿಂಗಳಲ್ಲಿ ಅವನದೇ ಮೊದಲ ಆಲ್ಬಮ್ ಬಂತು: ‘ದ ಸನ್ ರೈಸಸ್ ಇನ್ ದ ಈಸ್ಟ್’. ಸೂರ್ಯ ಹುಟ್ಟುವ ಆ ಈಸ್ಟು ದಿಕ್ಕೂ ಹೌದು, ಅವನ ಕೇರಿಯೂ ಹೌದು.

ಬೀಟುಗಳೆಲ್ಲ ಗ್ಯಾಂಗ್ ಸ್ಟಾರ್‌ನ ಡಿಜೆ ಪ್ರೀಮಿಯರ್ ಕೈಕೆಲಸ. ಜಾಗ, ಮ್ಯಾನ್‌ಹಟನ್ನಿನ ಪಶ್ಚಿಮ 37ನೇ ಬೀದಿಯ ಡಿ ಅಂಡ್ ಡಿ ಸ್ಟುಡಿಯೊ. ಸಿದ್ಧ ಉಡುಪಿನ ಪೇಟೆ ಅದು. ಗಾಲಿ ಹಚ್ಚಿದ ಕಂಬಿಗಳಿಗೆ ಕೋಟು, ಲಂಗ ನೇತುಹಾಕಿ ಟ್ರಕ್ಕುಗಳ ಸಂದಿನಲ್ಲಿ ನೂಕಿಕೊಂಡು ಹೋಗುವವರ ಬೀದಿ. ಮೇಲಿನ ಕೋಣೆಯಲ್ಲೂ ನಡೆಯುತ್ತಿದ್ದದ್ದು ಒಂದು ಥರದ ಕತ್ತರಿ ಕೆಲಸವೇ. ಪ್ರೀಮಿಯರ್ ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಜಾಲಾಡುತ್ತಾನೆ, ಬೇಕಾದ ಕಡೆ ಮುಳ್ಳು ಇಡುತ್ತಾನೆ, ಅಂಗೈಯಗಲದ ಸದ್ದನ್ನು ಕತ್ತರಿಸಿ ಅಕಾಯ್ ಯಂತ್ರಕ್ಕೆ ತುಂಬುತ್ತಾನೆ. ಎಂಪಿಸಿ 60 ಎಂಬ ಆಗಿನ ಆ ಯಂತ್ರದ ಹೊಟ್ಟೆಗೆ ಹಿಡಿಯುತ್ತಿದ್ದದ್ದು ಸೆಕೆಂಡುಗಳ ಲೆಕ್ಕದ ಸದ್ದು. ಮೈಮೇಲೆ ಹದಿನಾರು ರಬ್ಬರ್ ಚೌಕ. ಒಂದೊಂದನ್ನು ಬೆರಳಲ್ಲಿ ತಟ್ಟಿದರೆ ಒಂದೊಂದು ತುಣುಕು ಬಾಯಿ ಬಿಡುತ್ತದೆ.

ಅಮ್ಮನನ್ನು ಬಚ್ಚಲಿಗೆ ಓಡಿಸಹೊರಟ ಹನಿಗಳೂ ಅಂಥ ತುಣುಕೇ. ಶೆಲ್ಲಿ ಮ್ಯಾನ್ ಎಂಬ ಜಾಝ್ ಡ್ರಮ್ ವಾದಕನ 1972ರ ‘ಮ್ಯಾನ್‌ಕೈಂಡ್’ ತಟ್ಟೆಯಲ್ಲಿ, ‘ಇನ್ಫಿನಿಟಿ’ ಎಂಬ ರಚನೆಯೊಳಗೆ ಅವು ಮಲಗಿದ್ದವು. ಅಲ್ಲಿ ಕೇಳಿದರೆ ಒಂದು ವಿಚಿತ್ರ ಸದ್ದು, ಅಷ್ಟೇ. ಇಲ್ಲಿ ಅದೇ ಮತ್ತೆ ಮತ್ತೆ ಸುತ್ತಿ ತಾಳವಾಯಿತು. ಪಲ್ಲವಿಯ ಜಾಗದಲ್ಲೂ ಹಾಡುಗಾರರಿಲ್ಲ. ಓನಿಕ್ಸ್ ತಂಡದ ಹಾಡಿನ ಕೂಗೊಂದನ್ನು ತಟ್ಟೆಯ ಮೇಲೆ ಹಿಂದೆ ಮುಂದೆ ಉಜ್ಜಿ, ಕೆರೆದು, ಪಲ್ಲವಿ ಕಟ್ಟಿದ್ದಾನೆ. ಪ್ರೀಮಿಯರ್ ರುಜು ಹಾಕುವುದೇ ಹೀಗೆ.

ನನಗೆ ಹಿಡಿಸಿದ್ದು ಅವನು ಸೇರಿಸಿದ್ದಲ್ಲ, ಬಿಟ್ಟದ್ದು. ಹೊಸ ಹುಡುಗನ ಬೆನ್ನಿಗೆ ನಿಂತ ಪಳಗಿದ ಕೈ ಸಾಮಾನ್ಯವಾಗಿ ಹೆದರಿ ವಾದ್ಯಗಳನ್ನು ಪೇರಿಸುತ್ತದೆ. ಇಲ್ಲಿ ಹನಿ ಹನಿಯ ನಡುವೆ ಅಷ್ಟಗಲ ಮೌನ. ಜೆರು ಉಸಿರು ತಪ್ಪಿದ್ದರೆ ಬಚ್ಚಿಟ್ಟುಕೊಳ್ಳಲು ಗೋಡೆಯೇ ಇರಲಿಲ್ಲ. ತಪ್ಪಲಿಲ್ಲ.

ಇದೇ ಆಲ್ಬಮ್ಮಿನ ‘ಯು ಕಾಂಟ್ ಸ್ಟಾಪ್ ದ ಪ್ರಾಫೆಟ್’ ಹಾಡಿನಲ್ಲಿ ಅಜ್ಞಾನ, ಮತ್ಸರ, ದ್ವೇಷಗಳೆಲ್ಲ ಮನುಷ್ಯರಾಗಿ ಅಡ್ಡಗಟ್ಟುತ್ತವೆ, ನಮ್ಮ ಹಳೆಯ ನಾಟಕಗಳಲ್ಲಿ ಕಾಮಕ್ರೋಧಗಳು ವೇಷ ಕಟ್ಟಿ ಬಂದಂತೆ. ಕಾಮಿಕ್ ಪುಸ್ತಕದ ವೀರನ ಹಾಗೆ ಜೆರು ಅವುಗಳ ಮೇಲೆ ಬೀಳುತ್ತಾನೆ. ಇಷ್ಟು ಚಂದ ಕಟ್ಟಿದವನೇ ಇನ್ನೊಂದು ಹಾಡಿನಲ್ಲಿ, ಎಲ್ಲ ಹೆಂಗಸರಿಗೂ ಹೇಳುತ್ತಿಲ್ಲ ಎಂದು ಜಾಮೀನು ಕೊಟ್ಟುಕೊಂಡು ಹೆಂಗಸರನ್ನು ಹಳಿಯುತ್ತಾನೆ. ಅದು ಬಂದಾಗ ನಾನು ಮುಂದಕ್ಕೆ ಜಾರಿಸುತ್ತೇನೆ.

ಕೊನೆಗೆ ‘ಡಿ. ಒರಿಜಿನಲ್’ ಹಾಕಿದೆ. ಶ್ರುತಿ ಕೆಟ್ಟ ಪಿಯಾನೊ, ಬೇಕೆಂದೇ ಕೆಟ್ಟದ್ದು, ಕುಂಟಿಕೊಂಡು ಅದೇ ಅದೇ ಮನೆಗೆ ಮರಳಿ ಬರುತ್ತದೆ. ಅಮ್ಮ ಸೌಟು ಹಿಡಿದೇ ಬಾಗಿಲಿಗೆ ಬಂದು ನಿಂತರು. ‘ಪಾಪ, ಇದನ್ನ ಯಾರಾದರೂ ಶ್ರುತಿ ಮಾಡಿಕೊಡಬಾರದಾ?’ ಎಂದರು. ಬಲಗಾಲ ಹೆಬ್ಬೆರಳು ಮಾತ್ರ ತಾಳಕ್ಕೆ ಸರಿಯಾಗಿ ನೆಲ ತಟ್ಟುತ್ತಿತ್ತು.