ಬದಲಾದಷ್ಟನ್ನೇ ಕಳಿಸುವ ಉಪಾಯ

ಠಾಣೆ, ಡೊಂಬಿವಲಿ, ಕಲ್ಯಾಣದ ಆಫೀಸುಗಳಲ್ಲಿ ದೀಪ ಆರಿದ ಮೇಲೆ ಬ್ಯಾಕಪ್ ಕೆಲಸ ಶುರುವಾಗುತ್ತದೆ. ಐರೋಲಿ, ಮಹಾಪೆಯ ಡೇಟಾ ಸೆಂಟರಿನಲ್ಲಿ ಲಿನಕ್ಸ್ ಸರ್ವರ್ ಇಟ್ಟವರಿಗೆ ಫೈಲುಗಳನ್ನು ನಕಲಿಸುವ ಆರ್‌ಸಿಂಕ್ ಹೊಸ ಹೆಸರಲ್ಲ. ಈಗ ಫೈಬರ್ ಮೇಲೆ ಓಡುವ ಈ ಸಾಧನ ಹುಟ್ಟಿದ್ದು ಮಾತ್ರ ಮೋಡೆಮಿನ ಬಡತನದಲ್ಲಿ.

ಮುಂಬಯಿಯಲ್ಲಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದದ್ದು 1995ರ ಆಗಸ್ಟ್ 15ರಂದು. ಆಗಿನ ಮೋಡೆಮಿನ 9.6 ಕೆಬಿಪಿಎಸ್ ವೇಗದಲ್ಲಿ 24 ಎಂಬಿ ಫೈಲ್ ಇಳಿಸಲು, ಲೈನು ನಡುವೆ ಕಡಿಯದಿದ್ದರೂ, ಐದೂವರೆ ತಾಸು ಬೇಕಿತ್ತು. ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಆರ್‌ಸಿಂಕ್ ಕಟ್ಟಿದ ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮೆಕೆರಸ್ ತಲೆಕೆಡಿಸಿಕೊಂಡದ್ದೂ ಇಂಥ ನಿಧಾನದ ಲೈನಿನ ಬಗ್ಗೆಯೇ. ಟ್ರಿಡ್ಜೆಲ್ ಅಷ್ಟರಲ್ಲಾಗಲೇ ಸಾಂಬಾ ಎಂಬ ಫೈಲ್ ಹಂಚಿಕೆ ತಂತ್ರಾಂಶ ಬರೆದವರು.

ಹಳೆಯ ಫೈಲ್ ಈ ಕಡೆ, ಹೊಸದು ಆ ಕಡೆ. ಬದಲಾದದ್ದೇನೆಂದು ತಿಳಿಯಲು ಎರಡನ್ನೂ ಅಕ್ಕಪಕ್ಕ ಇಡಬೇಕು. ಹಾಗೆ ಇಡಬೇಕೆಂದರೆ ಪೂರ್ತಿ ಕಳಿಸಲೇಬೇಕು! ಅವರು ಕೆಲಸವನ್ನೇ ತಿರುವುಮುರುವು ಮಾಡಿದರು. ಪಡೆಯುವವನೇ ಮೊದಲು ಮಾತಾಡಲಿ: ತನ್ನ ಹಳೆಯ ಫೈಲನ್ನು ಐನೂರು, ಏಳುನೂರು ಬೈಟುಗಳ ತುಂಡು ಮಾಡಿ, ಪ್ರತಿ ತುಂಡಿನ ಚೆಕ್‌ಸಮ್, ಅಂದರೆ ಅದರ ಬೈಟುಗಳಿಂದ ಲೆಕ್ಕ ಹಾಕಿದ ಗುರುತಿನ ಮೊತ್ತ, ಕಳಿಸಲಿ. ಆಚೆಯವನು ತನ್ನಲ್ಲಿ ಹೊಂದುವ ತುಂಡು ಸಿಕ್ಕರೆ ಅದರ ನಂಬರು ಹೇಳಿದರೆ ಸಾಕು.

ತೊಡಕು ಇನ್ನೊಂದಿತ್ತು. ಫೈಲಿನ ಆರಂಭದಲ್ಲಿ ಒಂದೇ ಅಕ್ಷರ ಸೇರಿದರೂ ಮುಂದಿನ ತುಂಡುಗಳೆಲ್ಲ ಸರಿದುಬಿಡುತ್ತವೆ. ಆದ್ದರಿಂದ ಪ್ರತಿ ಬೈಟಿನಿಂದಲೂ ಹುಡುಕಬೇಕು, ಪ್ರತಿ ಸಲ ಮೊದಲಿನಿಂದ ಕೂಡುತ್ತ ಕೂತರೆ ಪ್ರೊಸೆಸರ್ ಸುಸ್ತು. ಇಲ್ಲಿದೆ ನಿಜವಾದ ಜಾಣ್ಮೆ. ಲೋಕಲ್ ಡಬ್ಬಿಯಲ್ಲಿ ಒಬ್ಬ ಇಳಿದು ಒಬ್ಬ ಹತ್ತಿದರೆ ತಲೆಗಳನ್ನು ಮತ್ತೆ ಎಣಿಸುವುದಿಲ್ಲವಲ್ಲ. ಹಾಗೆಯೇ ಹೊರಟ ಬೈಟನ್ನು ಕಳೆದು, ಬಂದದ್ದನ್ನು ಕೂಡಿದರೆ ಹೊಸ ಮೊತ್ತ ಸಿದ್ಧ. ಮಾರ್ಕ್ ಆಡ್ಲರ್ ಮಾಡಿದ ಆಡ್ಲರ್-32 ಚೆಕ್‌ಸಮ್ ಇದಕ್ಕೆ ಪ್ರೇರಣೆ. ಈ 32 ಬಿಟ್ ಮೊತ್ತ ಅಗ್ಗದ್ದು, ಕೆಲವೊಮ್ಮೆ ಮೋಸಹೋಗುತ್ತದೆ. ಅದು ಹೊಂದಿದಾಗ ಮಾತ್ರ 128 ಬಿಟ್‌ಗಳ ಎಂಡಿ4 ಎಂಬ ಬಲವಾದ ಚೆಕ್‌ಸಮ್ ಲೆಕ್ಕ ಹಾಕಿ ಆಗ ಖಾತ್ರಿ ಮಾಡಿಕೊಳ್ಳುತ್ತಿದ್ದರು.

ಅವರಿಬ್ಬರ 1996ರ ಜೂನ್ ವರದಿಯಲ್ಲಿ ಪರೀಕ್ಷೆಗಿಟ್ಟದ್ದು ಲಿನಕ್ಸ್ ಕರ್ನಲ್‌ನ 1.99.10 ಮತ್ತು 2.0.0 ಆವೃತ್ತಿಗಳನ್ನು, ತಲಾ ಸುಮಾರು 24 ಎಂಬಿ. 2441 ಫೈಲುಗಳಲ್ಲಿ 291 ಬದಲಾಗಿದ್ದವು. 700 ಬೈಟಿನ ತುಂಡು ಮಾಡಿದಾಗ ಎರಡೂ ದಿಕ್ಕಿನಲ್ಲಿ ಹರಿದದ್ದು ಒಟ್ಟು ಎರಡು ಎಂಬಿ ಚಿಲ್ಲರೆ. ನಮ್ಮ ಆಗಿನ ಮೋಡೆಮಿನಲ್ಲಿ ಐದೂವರೆ ತಾಸಿನ ಕೆಲಸ ಅರ್ಧ ತಾಸಿಗೆ ಇಳಿದಂತೆ. ಟ್ರಿಡ್ಜೆಲ್ 1999ರಲ್ಲಿ ಇದನ್ನು ಪಿಎಚ್‌ಡಿ ಪ್ರಬಂಧದಲ್ಲೂ ವಿವರಿಸಿದರು.

ಒಂದೇ ಕಂಪ್ಯೂಟರಿನ ಎರಡು ಡಿಸ್ಕುಗಳ ನಡುವೆ ಈ ಚಮತ್ಕಾರ ನಿರೀಕ್ಷಿಸಬೇಡಿ. ಅಲ್ಲಿ ಆರ್‌ಸಿಂಕ್ ಬದಲಾದ ಫೈಲನ್ನು ಇಡಿಯಾಗಿಯೇ ಬರೆಯುತ್ತದೆ. ಗಾತ್ರ, ತಾರೀಖು ಎರಡೂ ಹೊಂದಿದ್ದನ್ನು ಬಿಟ್ಟು ಮುಂದೆ ಹೋಗುವುದಷ್ಟೇ ಉಳಿತಾಯ. ಇನ್ನು ಡಿಲೀಟ್ ಆಯ್ಕೆ ಹಾಕುವ ಮುನ್ನ ಒಮ್ಮೆ ಏನನ್ನೂ ಬದಲಿಸದ ಡ್ರೈ-ರನ್ ಮಾಡಿ ಪಟ್ಟಿ ಓದಿಕೊಳ್ಳಿ: ಮೂಲದಲ್ಲಿ ಇಲ್ಲದ್ದನ್ನೆಲ್ಲ ಅದು ಬ್ಯಾಕಪ್‌ನಿಂದಲೂ ಅಳಿಸುತ್ತದೆ.